ಕೋರಿಕೆಗೆ ದಾರಿ ತೋರುವವರು ಯಾರು?

ಕರ್ನಾಟಕದ ಭೂದಾಖಲೆಗಳನ್ನು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, 2002ರ ವೇಳೆಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿಯೇ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುವ ವ್ಯವಸ್ಥೆಯನ್ನು ನೆಲೆಗೊಳಿಸಿತು. ಆ ದಿನಗಳಲ್ಲಿ ಒಂದೊಂದು ತಾಲ್ಲೂಕಿನ ದಾಖಲೆಯೂ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿಯೇ ಇದ್ದುದರಿಂದ ಅರ್ಜಿದಾರನು ದಾಖಲೆ ಇರುವ ಕಡೆಗೆ ತಾನೇ ಹೋಗುತ್ತಿದ್ದನು. ಯಾವ ಕಂಪ್ಯೂಟರು ಉತ್ತರ ಕೊಡಬೇಕೆಂಬ ಪ್ರಶ್ನೆಯೇ ಅಲ್ಲಿ ಹುಟ್ಟುತ್ತಿರಲಿಲ್ಲ. ಇಂತಹ ಸೇವೆಗಳು ಅಂತರಜಾಲಕ್ಕೆ ಬಂದ ಮೇಲೆ ಅರ್ಜಿದಾರನು ಊರಿನಲ್ಲಿಯೇ ಉಳಿಯುತ್ತಾನೆ, ಅವನ ಕೋರಿಕೆ ಮಾತ್ರ ಪ್ರಯಾಣ ಮಾಡುತ್ತದೆ. ಆ ಕೋರಿಕೆಯು ದೂರದ ದತ್ತಾಂಶ ಕೇಂದ್ರವನ್ನು ತಲುಪಿದಾಗ ಅಲ್ಲಿರುವ ಹಲವು ಸರ್ವರ್‌ಗಳ ಪೈಕಿ ಯಾವುದು ಅದನ್ನು ಕೈಗೆತ್ತಿಕೊಳ್ಳಬೇಕು ಎಂಬುದನ್ನು ಯಾರೋ ಒಬ್ಬರು ಮೊದಲೇ ಗೊತ್ತುಪಡಿಸಿರಬೇಕಾಗುತ್ತದೆ. ಈ ಗೊತ್ತುಪಡಿಸುವಿಕೆಯೇ ರೂಟಿಂಗ್. ತಂತ್ರಾಂಶ ಬರೆಯುವವನ ಮೇಜಿನ ಮೇಲಿರುವ ಒಂದು ಉಪಕರಣದಿಂದಲೇ ಅದನ್ನು ಹೊಂದಿಸುವ ಅನುಕೂಲ ಹೇಗೆ ಬಂತು, ಆ ಅನುಕೂಲದ ಹಿಂದೆ ಯಾವ ಯಂತ್ರರಚನೆ ದುಡಿಯುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನೆನಪಿಲ್ಲದ ಸಂಭಾಷಣೆ

ಜಾಲತಾಣದಲ್ಲಿ ಪಹಣಿ ನೋಡಲು ಹೊರಟವರು ಒಂದು ಅನುಕ್ರಮವನ್ನು ಪಾಲಿಸಬೇಕಾಗುತ್ತದೆ. ಜಿಲ್ಲೆ ಹಾಸನ, ತಾಲ್ಲೂಕು ಹೊಳೆನರಸೀಪುರ, ಹೋಬಳಿ ಹಳೇಕೋಟೆ, ಆಮೇಲೆ ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಒಂದೊಂದಾಗಿ ಆರಿಸುತ್ತಾ ಹೋದಂತೆ, ಹಿಂದಿನ ಆಯ್ಕೆಗೆ ತಕ್ಕಂತೆ ಮುಂದಿನ ಪಟ್ಟಿ ತೆರೆದುಕೊಳ್ಳುತ್ತದೆ. ನೋಡುವವರ ಕಣ್ಣಿಗೆ ಇದು ಒಂದೇ ಕೆಲಸವಾದರೂ, ಇಂತಹ ಹಂತಹಂತದ ನಮೂನೆಗಳಲ್ಲಿ ಪ್ರತಿಯೊಂದು ಆಯ್ಕೆಯೂ ಸಾಮಾನ್ಯವಾಗಿ ಸರ್ವರ್‌ಗೆ ಹೋಗಿ ಬರುವ ಒಂದು ಪ್ರತ್ಯೇಕ ಕೋರಿಕೆಯಾಗಿರುತ್ತದೆ. ಬ್ರೌಸರ್ ಮತ್ತು ಸರ್ವರ್‌ಗಳು ಪರಸ್ಪರ ಮಾತನಾಡುವ ಎಚ್‌ಟಿಟಿಪಿ ಎಂಬ ನಿಯಮಾವಳಿಯ ಪ್ರಕಾರ ಒಂದು ಕೋರಿಕೆಗೂ ಅದರ ಹಿಂದಿನ ಕೋರಿಕೆಗೂ ಯಾವ ಸಂಬಂಧವೂ ಇಲ್ಲ. ಉತ್ತರ ಕೊಟ್ಟ ಕೂಡಲೇ ಆ ವ್ಯವಹಾರ ಮುಗಿದಂತೆ. ಆದ್ದರಿಂದ ಹೋಬಳಿಯ ಹೆಸರನ್ನು ಕಳುಹಿಸಿದವನೇ ಈಗ ಸರ್ವೆ ನಂಬರನ್ನು ಕಳುಹಿಸುತ್ತಿದ್ದಾನೆ ಎಂದು ತಿಳಿಯುವ ಸಾಮರ್ಥ್ಯ ಆ ನಿಯಮಾವಳಿಯೊಳಗೇ ಇಲ್ಲ.

ಈ ಕೊರತೆಯನ್ನು ತುಂಬಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಅವರು ಕುಕಿ ಎಂಬ ಉಪಾಯವನ್ನು ರೂಪಿಸಿದರು. ಸರ್ವರ್ ತನ್ನ ಮೊದಲ ಉತ್ತರದ ಜೊತೆಗೆ ಒಂದು ಚಿಕ್ಕ ಗುರುತನ್ನು ಬ್ರೌಸರ್‌ಗೆ ಕಳುಹಿಸುತ್ತದೆ, ಬ್ರೌಸರ್ ಮುಂದಿನ ಪ್ರತಿಯೊಂದು ಕೋರಿಕೆಯ ಜೊತೆಗೂ ಆ ಗುರುತನ್ನು ಹಿಂದಿರುಗಿಸುತ್ತದೆ. ಹಿಂದಿರುಗಿ ಬಂದ ಗುರುತನ್ನು ನೋಡಿ ಸರ್ವರ್ ಬಳಕೆದಾರನನ್ನು ಪತ್ತೆ ಹಚ್ಚುತ್ತದೆ. ಆ ಬಳಕೆದಾರನಿಗೆ ಸಂಬಂಧಿಸಿದ ವಿವರಗಳನ್ನು, ಅಂದರೆ ಅವನು ಲಾಗಿನ್ ಆಗಿದ್ದಾನೆಯೇ, ಯಾವ ಹಂತದವರೆಗೆ ನಮೂನೆ ತುಂಬಿದ್ದಾನೆ ಎಂಬುದನ್ನು, ಸರ್ವರ್ ಸ್ವಲ್ಪ ಕಾಲ ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುವುದಕ್ಕೆ ಸೆಷನ್ ಎಂದು ಹೆಸರು. ಜಾವಾ ಭಾಷೆಯಲ್ಲಿ ಬರೆದ ಅಪ್ಲಿಕೇಶನ್‌ಗಳಲ್ಲಿ ಈ ಗುರುತಿನ ಕುಕಿಗೆ ಜೆಸೆಷನ್‌ಐಡಿ ಎಂಬ ಹೆಸರು ರೂಢಿಯಲ್ಲಿದೆ. ಅಂತಹ ಅಪ್ಲಿಕೇಶನ್‌ಗಳನ್ನು ನಡೆಸುವ ತಂತ್ರಾಂಶವೇ ಅಪ್ಲಿಕೇಶನ್ ಸರ್ವರ್. ಸಿದ್ಧಪಡಿಸಿಟ್ಟ ಪುಟವನ್ನು ಎತ್ತಿಕೊಡುವುದಷ್ಟೇ ಅದರ ಕೆಲಸವಲ್ಲ, ಕೋರಿಕೆ ಬಂದಾಗ ಲೆಕ್ಕ ಹಾಕಿ, ದತ್ತಸಂಚಯವನ್ನು ವಿಚಾರಿಸಿ, ಉತ್ತರವನ್ನು ಆಗಲೇ ಕಟ್ಟಿಕೊಡುವುದು ಅದರ ಕೆಲಸ. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಅಪಾಚೆ ಸಮುದಾಯಕ್ಕೆ ಒಪ್ಪಿಸಿದ ಟಾಮ್‌ಕ್ಯಾಟ್ ಈ ವರ್ಗದಲ್ಲಿ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಒಂದಾಗಿದ್ದು, ಬಳಕೆದಾರನಿಂದ 30 ನಿಮಿಷ ಯಾವ ಕೋರಿಕೆಯೂ ಬಾರದಿದ್ದರೆ ಅವನ ಸೆಷನ್ನನ್ನು ಅಳಿಸಿಹಾಕುವುದು ಅದರ ಸಹಜ ಏರ್ಪಾಡು.

ಸರ್ವರ್ ಒಂದೇ ಇದ್ದಾಗ ಈ ವ್ಯವಸ್ಥೆಯಲ್ಲಿ ತೊಡಕಿಲ್ಲ. ಆದರೆ ಒಂದೇ ಸರ್ವರ್ ಕೆಟ್ಟು ನಿಂತರೆ ಇಡೀ ಸೇವೆ ನಿಲ್ಲುತ್ತದೆ, ಪರೀಕ್ಷೆಯ ಫಲಿತಾಂಶ ಬರುವ ದಿನ ಅಥವಾ ಅರ್ಜಿ ಸಲ್ಲಿಸುವ ಕೊನೆಯ ದಿನ ಜನರು ಒಟ್ಟಿಗೆ ಬಂದರೆ ಅದಕ್ಕೆ ಉಸಿರು ಕಟ್ಟುತ್ತದೆ. ಆದ್ದರಿಂದ ಒಂದೇ ಅಪ್ಲಿಕೇಶನ್ನಿನ ಹಲವು ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ನಡೆಸಿ, ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ಹಂಚಿಕೆಯ ವ್ಯವಸ್ಥೆಯನ್ನು ನಿಲ್ಲಿಸುವುದು ವಾಡಿಕೆ. ಹಾಸನ ಸೀಮೆಯ ಕೆರೆ ಅಚ್ಚುಕಟ್ಟುಗಳಲ್ಲಿ ಯಾವ ಗದ್ದೆಗೆ ಯಾವಾಗ ನೀರು ಹರಿಯಬೇಕೆಂಬುದನ್ನು ತೂಬಿನ ಬಳಿ ನಿಂತು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಹೊಣೆಗೆ ಇದರ ಹೊಣೆಯನ್ನು ಹೋಲಿಸಬಹುದು. ಆದರೆ ನೀರುಗಂಟಿಗೆ ಪ್ರತಿಯೊಂದು ಗದ್ದೆಯ ಸರದಿಯೂ ನೆನಪಿರುತ್ತಿತ್ತು, ಸಾಧಾರಣ ಲೋಡ್ ಬ್ಯಾಲೆನ್ಸರ್‌ಗೆ ಹಿಂದಿನ ಕೋರಿಕೆಯನ್ನು ಯಾವ ಸರ್ವರ್‌ಗೆ ಕಳುಹಿಸಿದ್ದೆ ಎಂಬ ನೆನಪಿರುವುದಿಲ್ಲ.

ತೊಂದರೆ ಹುಟ್ಟುವುದು ಇಲ್ಲಿಯೇ. ಮೊದಲನೆಯ ಸರ್ವರ್‌ನ ಸ್ಮೃತಿಯಲ್ಲಿರುವ ಸೆಷನ್ ಎರಡನೆಯದಕ್ಕೆ ತಿಳಿಯದು. ಎರಡು ಸರ್ವರ್‌ಗಳಿದ್ದು, ಪ್ರತಿಯೊಂದು ಕೋರಿಕೆಯನ್ನೂ ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಚೀಟಿ ಎತ್ತಿದಂತೆ ಕಳುಹಿಸಿದರೆ, ಆರು ಹಂತದ ಒಂದು ನಮೂನೆಯ ಎಲ್ಲ ಕೋರಿಕೆಗಳೂ ಒಂದೇ ಸರ್ವರ್‌ಗೆ ಬೀಳುವ ಸಂಭವ 32ರಲ್ಲಿ 1 ಮಾತ್ರ. ಸರ್ವರ್‌ಗಳು ನಾಲ್ಕಾದರೆ ಆ ಸಂಭವ 1,024ರಲ್ಲಿ 1ಕ್ಕೆ ಇಳಿಯುತ್ತದೆ. ವಾಸ್ತವದಲ್ಲಿ ಬ್ರೌಸರ್ ಒಮ್ಮೆ ತೆರೆದ ಸಂಪರ್ಕವನ್ನು ಕೆಲವು ಕೋರಿಕೆಗಳವರೆಗೆ ಉಳಿಸಿಕೊಳ್ಳುವುದರಿಂದ ದೋಷವು ಇಷ್ಟು ಪದೇಪದೇ ಕಾಣಿಸಿಕೊಳ್ಳುವುದಿಲ್ಲ. ಒಮ್ಮೆ ಕಂಡು ಮತ್ತೊಮ್ಮೆ ಮರೆಯಾಗುವ ಈ ಗುಣದಿಂದಲೇ ಅದನ್ನು ಹಿಡಿಯುವುದು ಕಠಿಣವಾಗುತ್ತದೆ: ಅರ್ಜಿಯನ್ನು ಅರ್ಧ ತುಂಬಿದವನಿಗೆ ಇದ್ದಕ್ಕಿದ್ದಂತೆ ಲಾಗಿನ್ ಪುಟ ಎದುರಾಗುತ್ತದೆ, ಅವನು ತನ್ನಿಂದಲೇ ಏನೋ ತಪ್ಪಾಯಿತೆಂದು ಭಾವಿಸಿ ಮೊದಲಿನಿಂದ ತೊಡಗುತ್ತಾನೆ.

ಎಕ್ಲಿಪ್ಸ್ ಒಳಗಿನ ಒಂದು ಕಿಟಕಿ

ಇದಕ್ಕೆ ಪರಿಹಾರವಾಗಿ ಬಂದದ್ದು, ಒಬ್ಬ ಬಳಕೆದಾರನ ಎಲ್ಲ ಕೋರಿಕೆಗಳನ್ನೂ ಅವನ ಸೆಷನ್ ಇರುವ ಸರ್ವರ್‌ಗೇ ತಲುಪಿಸುವ ‘ಸೆಷನ್ ಅಫಿನಿಟಿ’ ಎಂಬ ವಿಧಾನ. ಇದನ್ನು ಹೊಂದಿಸುವುದು ಮೊದಲು ಸರ್ವರ್‌ಗಳ ಮೇಲ್ವಿಚಾರಕರ ಕೆಲಸವಾಗಿತ್ತು. ಅಪ್ಲಿಕೇಶನ್ ಬರೆಯುವವರು ಬೇರೆ, ಅದಕ್ಕೆ ದಾರಿಗಳನ್ನು ಬರೆಯುವವರು ಬೇರೆ. ಸರ್ವರ್‌ಗಳನ್ನು ಕೊಂಡು ಇಟ್ಟುಕೊಳ್ಳುವ ಬದಲು ಬಾಡಿಗೆಗೆ ಪಡೆಯುವ ಕ್ಲೌಡ್ ಸೇವೆಗಳು ಬಂದ ಮೇಲೆ ಈ ಗಡಿ ಅಳಿಸಿತು. ಅದಕ್ಕೆ ಒಳ್ಳೆಯ ನಿದರ್ಶನವೆಂದರೆ ಎಕ್ಲಿಪ್ಸ್ ಎಂಬ ತಂತ್ರಾಂಶ ರಚನಾ ಪರಿಸರಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಒದಗಿಸಿದ ಅಜೂರ್ ಪ್ಲಗ್‌ಇನ್.

ತಂತ್ರಾಂಶ ರಚನಾ ಪರಿಸರವೆಂದರೆ ಕೋಡ್ ಬರೆಯುವ, ತಪ್ಪು ಹುಡುಕುವ, ಕಟ್ಟಿ ಪರೀಕ್ಷಿಸುವ ಸೌಕರ್ಯಗಳನ್ನು ಒಂದೇ ಕಿಟಕಿಯೊಳಗೆ ಒದಗಿಸುವ ಉಪಕರಣ. ಐಬಿಎಂ ಸಂಸ್ಥೆಯು 2001ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಎಕ್ಲಿಪ್ಸ್ 2004ರಲ್ಲಿ ಸ್ವತಂತ್ರ ಪ್ರತಿಷ್ಠಾನದ ಕೈಗೆ ಬಂದು, ಜಾವಾ ಬರೆಯುವವರ ನೆಚ್ಚಿನ ಉಪಕರಣವಾಗಿ ಬೆಳೆಯಿತು. ಹೊಸ ಸಾಮರ್ಥ್ಯ ಬೇಕಾದಾಗ ಮೂಲ ತಂತ್ರಾಂಶವನ್ನು ಮುಟ್ಟದೆ ಹೊರಗಿನಿಂದ ಜೋಡಿಸಬಹುದಾದ ಭಾಗಕ್ಕೆ ಪ್ಲಗ್‌ಇನ್ ಎನ್ನುತ್ತಾರೆ. ಎಕ್ಲಿಪ್ಸ್‌ನ ಇಡೀ ರಚನೆಯೇ ಇಂತಹ ಪ್ಲಗ್‌ಇನ್‌ಗಳ ಕೂಟವಾಗಿದೆ. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ 2010ರ ಫೆಬ್ರುವರಿಯಲ್ಲಿ ವಾಣಿಜ್ಯ ಬಳಕೆಗೆ ತೆರೆದುಕೊಂಡ ಮೇಲೆ, ಆ ಸಂಸ್ಥೆಯದಲ್ಲದ ಜಾವಾ ಭಾಷೆಯಲ್ಲಿ ಕೆಲಸ ಮಾಡುವವರನ್ನೂ ಅಲ್ಲಿಗೆ ಬರಮಾಡಿಕೊಳ್ಳಲು ಈ ಪ್ಲಗ್‌ಇನ್ನನ್ನು ರೂಪಿಸಲಾಯಿತು.

ಅಜೂರ್‌ನ ಕ್ಲೌಡ್ ಸರ್ವಿಸಸ್ ಎಂಬ ಸೇವೆಯಲ್ಲಿ ಅಪ್ಲಿಕೇಶನ್ ನಡೆಯುವ ಯಂತ್ರದ ಮಾದರಿಗೆ ‘ರೋಲ್’ ಎಂದೂ, ಆ ಮಾದರಿಯ ಒಂದೊಂದು ಪ್ರತಿಗೆ ‘ಇನ್‌ಸ್ಟನ್ಸ್’ ಎಂದೂ ಹೆಸರಿತ್ತು. ಸೇವೆ ಶೇಕಡ 99.95ರಷ್ಟು ಕಾಲ ಲಭ್ಯವಿರುತ್ತದೆ ಎಂಬ ಭರವಸೆಯನ್ನು ಸಂಸ್ಥೆಯು ಕೊಡುತ್ತಿದ್ದುದು ಒಂದು ರೋಲ್‌ಗೆ ಕನಿಷ್ಠ ಎರಡು ಇನ್‌ಸ್ಟನ್ಸ್‌ಗಳಿದ್ದಾಗ ಮಾತ್ರ; ಆದ್ದರಿಂದ ಗಂಭೀರವಾದ ಯಾವ ಅಪ್ಲಿಕೇಶನ್ನೂ ಸೆಷನ್ ಚೆದುರುವ ತೊಡಕನ್ನು ಎದುರಿಸಲೇಬೇಕಾಗಿತ್ತು. ಪ್ಲಗ್‌ಇನ್ ಅದಕ್ಕೆ ಕೊಟ್ಟ ಉತ್ತರ ಬಹಳ ಸರಳವಾಗಿತ್ತು. ಎಕ್ಲಿಪ್ಸ್‌ನ ಪ್ರಾಜೆಕ್ಟ್ ಪಟ್ಟಿಯಲ್ಲಿ ರೋಲ್‌ನ ಹೆಸರಿನ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿ, ಅಜೂರ್ ಎಂಬ ಪಟ್ಟಿಯೊಳಗೆ ಲೋಡ್ ಬ್ಯಾಲೆನ್ಸಿಂಗ್ ಎಂಬುದನ್ನು ಆರಿಸಿ, ತೆರೆದ ಪುಟದಲ್ಲಿ ಸೆಷನ್ ಅಫಿನಿಟಿಯ ಚೌಕಕ್ಕೆ ಗುರುತು ಹಾಕಿ, ಹೊರಗಿನಿಂದ ಕೋರಿಕೆಗಳು ಒಳಬರುವ ಎಂಡ್‌ಪಾಯಿಂಟ್ ಯಾವುದೆಂದು ಸೂಚಿಸಿದರೆ ಹೊಂದಾಣಿಕೆ ಮುಗಿಯುತ್ತಿತ್ತು. ಎಂಡ್‌ಪಾಯಿಂಟ್ ಎಂದರೆ ಕೋರಿಕೆಯು ಯಂತ್ರದೊಳಗೆ ಪ್ರವೇಶಿಸುವ ನಿರ್ದಿಷ್ಟ ಬಾಗಿಲು. ಹೊರಗಿನವರಿಗೆ 80ನೇ ಪೋರ್ಟ್, ಒಳಗೆ ಟಾಮ್‌ಕ್ಯಾಟ್ ಕಿವಿಗೊಟ್ಟು ಕುಳಿತಿರುವ 8080ನೇ ಪೋರ್ಟ್ ಎಂಬುದು ಸಾಮಾನ್ಯವಾದ ಜೋಡಣೆ. ಆ ಬಳಿಕ ಪ್ರಾಜೆಕ್ಟನ್ನು ಮತ್ತೆ ಕಟ್ಟಿ ಕ್ಲೌಡ್‌ಗೆ ಕಳುಹಿಸುವುದಷ್ಟೇ ಉಳಿಯುತ್ತಿತ್ತು.

ಗುರುತಿನ ಹಿಂದಿನ ಯಂತ್ರರಚನೆ

ಚೌಕದಲ್ಲಿ ಹಾಕಿದ ಆ ಗುರುತು ಸ್ವತಃ ಯಾವ ಕೋರಿಕೆಗೂ ದಾರಿ ತೋರುವುದಿಲ್ಲ. ಪ್ಲಗ್‌ಇನ್ ಮಾಡುತ್ತಿದ್ದುದು, ಆ ಗುರುತನ್ನು ಸೇವೆಯ ವ್ಯಾಖ್ಯಾನ ಕಡತದ ಸಾಲುಗಳನ್ನಾಗಿ ಬರೆದು, ಇನ್‌ಸ್ಟನ್ಸ್ ಎದ್ದುನಿಲ್ಲುವಾಗ ನಡೆಯಬೇಕಾದ ಆರಂಭಿಕ ಕೆಲಸಗಳ ಪಟ್ಟಿಗೆ ಹೊಸ ಕೆಲಸವನ್ನು ಸೇರಿಸುವುದು. ಅದರ ಫಲವಾಗಿ ಪ್ರತಿಯೊಂದು ಇನ್‌ಸ್ಟನ್ಸ್‌ನಲ್ಲಿಯೂ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಆದ ಐಐಎಸ್‌ನೊಂದಿಗೆ ‘ಅಪ್ಲಿಕೇಶನ್ ರಿಕ್ವೆಸ್ಟ್ ರೂಟಿಂಗ್’, ಸಂಕ್ಷೇಪವಾಗಿ ಎಆರ್‌ಆರ್, ಎಂಬ ಘಟಕವು ಸ್ಥಾಪಿತವಾಗುತ್ತಿತ್ತು. ಹೊರಗಿನ ಬಾಗಿಲಿನಿಂದ ಬಂದ ಕೋರಿಕೆಗಳು ಟಾಮ್‌ಕ್ಯಾಟ್‌ಗೆ ನೇರವಾಗಿ ಹೋಗದೆ ಮೊದಲು ಎಆರ್‌ಆರ್‌ನ ಕೈಗೆ ಬರುವಂತೆ ಆ ಎಂಡ್‌ಪಾಯಿಂಟನ್ನು ತಿರುಗಿಸಲಾಗುತ್ತಿತ್ತು. ಟಾಮ್‌ಕ್ಯಾಟ್‌ಗಾಗಿ ಹೊರಲೋಕಕ್ಕೆ ಕಾಣದ, ಇನ್‌ಸ್ಟನ್ಸ್‌ಗಳು ಪರಸ್ಪರ ಬಳಸಲು ಮಾತ್ರ ಮೀಸಲಾದ ಇನ್ನೊಂದು ಒಳ ಎಂಡ್‌ಪಾಯಿಂಟನ್ನು ತೆರೆಯಲಾಗುತ್ತಿತ್ತು.

ಎರಡು ಇನ್‌ಸ್ಟನ್ಸ್‌ಗಳಿರುವ ಒಂದು ಸೇವೆಯಲ್ಲಿ ಕೋರಿಕೆ ನಡೆಯುವ ದಾರಿಯನ್ನು ಹಿಂಬಾಲಿಸಿದರೆ ಈ ರಚನೆ ಸ್ಪಷ್ಟವಾಗುತ್ತದೆ. ಹಳೇಕೋಟೆಯಿಂದ ಹೊರಟ ಮೊದಲ ಕೋರಿಕೆಯನ್ನು ಕ್ಲೌಡ್‌ನ ಲೋಡ್ ಬ್ಯಾಲೆನ್ಸರ್ ಮೊದಲನೆಯ ಇನ್‌ಸ್ಟನ್ಸ್‌ಗೆ ಕೊಟ್ಟಿತೆಂದು ಭಾವಿಸಬಹುದು. ಅಲ್ಲಿನ ಎಆರ್‌ಆರ್ ಆ ಕೋರಿಕೆಯಲ್ಲಿ ತನ್ನ ಗುರುತಿನ ಕುಕಿ ಇಲ್ಲವೆಂಬುದನ್ನು ಗಮನಿಸಿ, ಇನ್‌ಸ್ಟನ್ಸ್‌ಗಳ ಪೈಕಿ ಒಂದನ್ನು, ಉದಾಹರಣೆಗೆ ಮೊದಲನೆಯದನ್ನೇ, ಆರಿಸಿ ಕೋರಿಕೆಯನ್ನು ಅಲ್ಲಿನ ಟಾಮ್‌ಕ್ಯಾಟ್‌ಗೆ ದಾಟಿಸುತ್ತದೆ, ಉತ್ತರ ಹೊರಡುವಾಗ ಆ ಆಯ್ಕೆಯನ್ನು ಸೂಚಿಸುವ ಕುಕಿಯನ್ನು ಅದಕ್ಕೆ ಅಂಟಿಸುತ್ತದೆ. ಎರಡನೆಯ ಕೋರಿಕೆಯು ಅಕಸ್ಮಾತ್ತಾಗಿ ಎರಡನೆಯ ಇನ್‌ಸ್ಟನ್ಸ್‌ಗೆ ಬಂದಿತೆನ್ನಿ. ಅಲ್ಲಿಯೂ ಎಆರ್‌ಆರ್ ಇರುವುದರಿಂದ ಅದು ಕುಕಿಯನ್ನು ಓದಿ, ಈ ಬಳಕೆದಾರನ ಸೆಷನ್ ಮೊದಲನೆಯ ಇನ್‌ಸ್ಟನ್ಸ್‌ನಲ್ಲಿದೆಯೆಂದು ತಿಳಿದು, ಒಳ ಎಂಡ್‌ಪಾಯಿಂಟ್‌ನ ಮೂಲಕ ಕೋರಿಕೆಯನ್ನು ಅಲ್ಲಿಗೆ ಕಳುಹಿಸಿ, ಬಂದ ಉತ್ತರವನ್ನು ಬಳಕೆದಾರನಿಗೆ ತಾನೇ ಮುಟ್ಟಿಸುತ್ತದೆ. ಹೀಗೆ ಬಳಕೆದಾರನಿಗೆ ಕಾಣದಂತೆ ಮುಂದೆ ನಿಂತು, ಹಿಂದಿರುವ ಸರ್ವರ್‌ಗಳ ಪರವಾಗಿ ಕೋರಿಕೆಯನ್ನು ಸ್ವೀಕರಿಸಿ ಉತ್ತರಿಸುವ ಮಧ್ಯವರ್ತಿಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ಸಾಮಾನ್ಯವಾಗಿ ಇದಕ್ಕಾಗಿ ಪ್ರತ್ಯೇಕ ಯಂತ್ರವೊಂದು ಬೇಕಾಗುತ್ತದೆ, ಅದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಇಲ್ಲಿ ಪ್ರತಿಯೊಂದು ಇನ್‌ಸ್ಟನ್ಸ್ ಕೂಡ ಉಳಿದೆಲ್ಲ ಇನ್‌ಸ್ಟನ್ಸ್‌ಗಳಿಗೆ ರಿವರ್ಸ್ ಪ್ರಾಕ್ಸಿಯಾಗಿ ವರ್ತಿಸುವುದರಿಂದ ಅಂತಹ ಒಂಟಿ ಕೊಂಡಿ ಇರುವುದಿಲ್ಲ. ಈ ರಚನೆಯ ಜಾಣತನ ಇದರಲ್ಲಿಯೇ ಇದೆ.

ಬಳಕೆದಾರನ ಐಪಿ ವಿಳಾಸವನ್ನು ನೋಡಿಯೇ ದಾರಿ ನಿರ್ಧರಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಮೊಬೈಲ್ ಜಾಲಗಳಲ್ಲಿ ಸಾವಿರಾರು ಫೋನ್‌ಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಂಚಿಕೊಳ್ಳುತ್ತವೆ, ಒಂದೇ ಕಚೇರಿಯ ಎಲ್ಲ ಕಂಪ್ಯೂಟರುಗಳೂ ಹೊರಗೆ ಒಂದೇ ವಿಳಾಸದಿಂದ ಕಾಣಿಸಿಕೊಳ್ಳುತ್ತವೆ. ಅಷ್ಟೂ ಜನರ ಭಾರ ಒಂದೇ ಸರ್ವರ್‌ನ ಮೇಲೆ ಬಿದ್ದರೆ ಹಂಚಿಕೆಗೆ ಅರ್ಥವಿರುವುದಿಲ್ಲ. ಕುಕಿಯು ಒಂದೊಂದು ಬ್ರೌಸರನ್ನೂ ಬೇರೆ ಬೇರೆಯಾಗಿ ಗುರುತಿಸುವುದರಿಂದ ನಮ್ಮ ದೇಶದಂತಹ ಮೊಬೈಲ್ ಪ್ರಧಾನ ಸಮಾಜದಲ್ಲಿ ಅದೇ ಹೆಚ್ಚು ನ್ಯಾಯವಾದ ಆಧಾರ.

ಅನುಕೂಲದ ಬೆಲೆ

ಯಾವ ಅನುಕೂಲವೂ ಬೆಲೆಯಿಲ್ಲದೆ ಬರುವುದಿಲ್ಲ. ಎಆರ್‌ಆರ್ ಮತ್ತು ಅದಕ್ಕೆ ಬೇಕಾದ ಘಟಕಗಳು ಪ್ರತಿಯೊಂದು ಇನ್‌ಸ್ಟನ್ಸ್‌ಗೂ ಇಳಿದು ಸ್ಥಾಪಿತವಾಗಬೇಕಾದುದರಿಂದ ಡಿಸ್ಕಿನ ಮೇಲೆ ಹೆಚ್ಚು ಜಾಗ ಬೇಕಾಗುತ್ತಿತ್ತು, ಇನ್‌ಸ್ಟನ್ಸ್ ಸಿದ್ಧವಾಗಲು ಹೆಚ್ಚು ಸಮಯ ಹಿಡಿಯುತ್ತಿತ್ತು. ಜನಸಂದಣಿ ಏರಿದಾಗ ತುರ್ತಾಗಿ ಹೊಸ ಇನ್‌ಸ್ಟನ್ಸ್‌ಗಳನ್ನು ಸೇರಿಸಬೇಕಾದ ಸಂದರ್ಭದಲ್ಲಿ ಈ ವಿಳಂಬವನ್ನು ಕಡೆಗಣಿಸುವಂತಿರಲಿಲ್ಲ. ಕೋರಿಕೆಯು ಬೇರೆ ಇನ್‌ಸ್ಟನ್ಸ್‌ಗೆ ದಾಟಬೇಕಾದಾಗಲೆಲ್ಲ ಒಳಜಾಲದಲ್ಲಿ ಒಂದು ಹೆಜ್ಜೆ ಹೆಚ್ಚಾಗುತ್ತದೆ. ಹೊಸ ಇನ್‌ಸ್ಟನ್ಸ್‌ಗಳು ಬಂದರೂ ಹಳೆಯ ಬಳಕೆದಾರರು ಹಳೆಯ ಇನ್‌ಸ್ಟನ್ಸ್‌ಗಳಿಗೇ ಅಂಟಿಕೊಂಡಿರುವುದರಿಂದ ಭಾರವು ಸಮನಾಗಲು ಕಾಲ ಬೇಕು.

ಇನ್ನೊಂದು ಮಿತಿಯು ಕಲಿಯುವವರಿಗೆ ಮುಖ್ಯವಾದದ್ದು. ಕ್ಲೌಡ್‌ಗೆ ಕಳುಹಿಸುವ ಮೊದಲು ತಮ್ಮ ಕಂಪ್ಯೂಟರಿನಲ್ಲಿಯೇ ಅದರ ಅನುಕರಣೆಯನ್ನು ನಡೆಸಿ ಪರೀಕ್ಷಿಸುವ ಎಮ್ಯುಲೇಟರ್‌ನಲ್ಲಿ ಈ ಸೌಲಭ್ಯ ಕೆಲಸ ಮಾಡುತ್ತಿರಲಿಲ್ಲ. ಅಂದರೆ ಯಾವ ದೋಷವನ್ನು ತಡೆಯಲು ಇದನ್ನು ಅಳವಡಿಸಲಾಗಿತ್ತೋ ಆ ದೋಷವಾಗಲಿ ಅದರ ಪರಿಹಾರವಾಗಲಿ ಬರೆಯುವವನ ಮೇಜಿನ ಮೇಲೆ ಕಾಣಿಸುತ್ತಿರಲಿಲ್ಲ. ಹಲವು ಇನ್‌ಸ್ಟನ್ಸ್‌ಗಳಿರುವ ನಿಜವಾದ ನೆಲೆಯಲ್ಲಿ ಮಾತ್ರ ಅವು ಬೆಳಕಿಗೆ ಬರುತ್ತಿದ್ದವು. ಗುರುತು ಹಾಕುವುದು ಎಷ್ಟು ಸುಲಭವೋ ಅದರ ಪರಿಣಾಮವನ್ನು ಪರೀಕ್ಷಿಸುವುದು ಅಷ್ಟೇ ಶ್ರಮದ ಕೆಲಸವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿಯು ವಿಧಾನದಲ್ಲಿಯೇ ಅಡಗಿದೆ. ಬಳಕೆದಾರನ ಸೆಷನ್ ಇರುವ ಇನ್‌ಸ್ಟನ್ಸ್ ಕೆಟ್ಟುಹೋದರೆ ಅಥವಾ ದುರಸ್ತಿಗಾಗಿ ಮತ್ತೆ ಆರಂಭಗೊಂಡರೆ, ಅದರ ಸ್ಮೃತಿಯಲ್ಲಿದ್ದ ಎಲ್ಲ ಸೆಷನ್‌ಗಳೂ ಅಳಿಸಿಹೋಗುತ್ತವೆ. ದಾರಿ ಎಷ್ಟೇ ಸರಿಯಾಗಿದ್ದರೂ ತಲುಪಬೇಕಾದ ಠಾವೇ ಇಲ್ಲವಾದಾಗ ರೂಟಿಂಗ್ ಏನೂ ಮಾಡಲಾರದು. ಆದ್ದರಿಂದ ಉಳಿಸಿಕೊಳ್ಳಲೇಬೇಕಾದ ವಿವರಗಳನ್ನು ಸರ್ವರ್‌ನ ಸ್ಮೃತಿಯಲ್ಲಿ ಬಿಡದೆ, ಎಲ್ಲ ಸರ್ವರ್‌ಗಳಿಗೂ ಎಟಕುವ ಒಂದು ಸಾಮಾನ್ಯ ನೆಲೆಯಲ್ಲಿ, ಅಂದರೆ ದತ್ತಸಂಚಯದಲ್ಲಿ ಅಥವಾ ಮೆಮ್‌ಕ್ಯಾಶ್‌ಡಿ, ರೆಡಿಸ್‌ನಂತಹ ವೇಗದ ಸಂಗ್ರಹದಲ್ಲಿ ಇಡುವುದೇ ಗಟ್ಟಿಯಾದ ಮಾರ್ಗ. ಆಗ ಯಾವ ಸರ್ವರ್ ಬೇಕಾದರೂ ಯಾವ ಕೋರಿಕೆಗೂ ಉತ್ತರಿಸಬಲ್ಲದು, ಅಫಿನಿಟಿಯ ಅಗತ್ಯವೇ ಕಡಿಮೆಯಾಗುತ್ತದೆ. ಹಳೆಯ ಅಪ್ಲಿಕೇಶನ್ನನ್ನು ಅದರ ಕೋಡ್ ಬದಲಿಸದೆ ಹಲವು ಸರ್ವರ್‌ಗಳಿಗೆ ವಿಸ್ತರಿಸಬೇಕಾದಾಗ ಸೆಷನ್ ಅಫಿನಿಟಿಯು ಸಮರ್ಥನೀಯವಾದ ಉಪಾಯ. ಹೊಸದಾಗಿ ಕಟ್ಟುವ ಸಾರ್ವಜನಿಕ ಸೇವೆಗೆ ಅದೊಂದನ್ನೇ ಆಧಾರವಾಗಿಸಿಕೊಳ್ಳುವುದು ತಕ್ಕ ನಿರ್ಧಾರವಲ್ಲ.

ಉಪಕರಣ ಹೋಗುತ್ತದೆ, ತಿಳಿವಳಿಕೆ ಉಳಿಯುತ್ತದೆ

ವಿಂಡೋಸ್ ಅಜೂರ್ ಎಂಬ ಹೆಸರು 2014ರಲ್ಲಿ ಮೈಕ್ರೋಸಾಫ್ಟ್ ಅಜೂರ್ ಎಂದು ಬದಲಾಯಿತು; ಪ್ಲಗ್‌ಇನ್ ಆಧರಿಸಿದ್ದ ಮೂಲ ಕ್ಲೌಡ್ ಸರ್ವಿಸಸ್ ವ್ಯವಸ್ಥೆಯನ್ನು 2024ರ ಆಗಸ್ಟ್ 31ರಂದು ಸಂಸ್ಥೆಯು ನಿಲ್ಲಿಸಿತು. ಆದರೂ ಪ್ಲಗ್‌ಇನ್ ಬಳಸಿದ ಪರಿಕಲ್ಪನೆ ಅಳಿದಿಲ್ಲ. ಅಜೂರ್‌ನ ಆಪ್ ಸರ್ವಿಸ್ ಎಂಬ ಸೇವೆಯು ಇಂದಿಗೂ ಎಆರ್‌ಆರ್‌ಅಫಿನಿಟಿ ಎಂಬ ಹೆಸರಿನ ಕುಕಿಯನ್ನು ಬಳಸುತ್ತದೆ. ಬೇರೆ ಸಂಸ್ಥೆಗಳ ಲೋಡ್ ಬ್ಯಾಲೆನ್ಸರ್‌ಗಳಲ್ಲಿಯೂ, 2014ರಲ್ಲಿ ಗೂಗಲ್ ಪ್ರಕಟಿಸಿದ ಕುಬರ್ನೆಟಿಸ್ ಎಂಬ ತಂತ್ರಾಂಶದ ಜಾಲವ್ಯವಸ್ಥೆಯಲ್ಲಿಯೂ ಇದೇ ತತ್ತ್ವ ಬೇರೆ ಬೇರೆ ಹೆಸರುಗಳಿಂದ ಕೆಲಸ ಮಾಡುತ್ತಿದೆ. ಚೌಕದ ಸ್ಥಾನ ಬದಲಾಗಿದೆಯೇ ಹೊರತು ಅದರ ಹಿಂದಿನ ಪ್ರಶ್ನೆ ಬದಲಾಗಿಲ್ಲ.

ಸೇವೆಗಳನ್ನು ನಿಗದಿತ ಕಾಲದೊಳಗೆ ಪಡೆಯುವುದು ನಾಗರಿಕರ ಹಕ್ಕೆಂದು ಸಾರುವ 2011ರ ಸಕಾಲ ಅಧಿನಿಯಮವನ್ನು ಕರ್ನಾಟಕವು ಹೊಂದಿದೆ. ಹಳೇಕೋಟೆ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಊರುಗಳ ಜನರು ನಾಡಕಚೇರಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಸಲ್ಲಿಸುವ ಅರ್ಜಿಗಳ ವಿಷಯದಲ್ಲಿ, ಅರ್ಧದಲ್ಲಿ ಕಳೆದುಹೋದ ಒಂದು ಸೆಷನ್ ಎಂದರೆ ಒಂದು ದಿನದ ಕೂಲಿಯೂ ಆಗಬಹುದು, ತಪ್ಪಿಹೋದ ಕೊನೆಯ ದಿನಾಂಕವೂ ಆಗಬಹುದು. ಆದ್ದರಿಂದ ಇಂತಹ ಸೇವೆಗಳನ್ನು ಕಟ್ಟುವವರು ರೂಟಿಂಗನ್ನು ಉಪಕರಣದ ಒಂದು ಚೌಕಕ್ಕೆ ಬಿಟ್ಟು ಕೈ ತೊಳೆದುಕೊಳ್ಳುವಂತಿಲ್ಲ. 1960ರಲ್ಲಿ ಹಾಸನದಲ್ಲಿ ಆರಂಭವಾದ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯ ಮೊದಲ್ಗೊಂಡು ನಾಡಿನ ಎಂಜಿನಿಯರಿಂಗ್ ಕಾಲೇಜುಗಳು ಪ್ರಯೋಗಾಲಯದಲ್ಲಿ ಒಂದೇ ಸರ್ವರ್‌ನ ಅಪ್ಲಿಕೇಶನ್ನಿಗೆ ತೃಪ್ತಿಪಡದೆ, ಎರಡು ಸರ್ವರ್‌ಗಳನ್ನು ಹೂಡಿ, ಅವುಗಳಲ್ಲಿ ಒಂದನ್ನು ನಡುವೆಯೇ ಸ್ಥಗಿತಗೊಳಿಸಿದರೆ ಬಳಕೆದಾರನಿಗೆ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಣ್ಣಾರೆ ಕಾಣುವಂತೆ ಮಾಡಬೇಕು, ಅದರ ವಿವರಣೆ ಕನ್ನಡದಲ್ಲಿಯೂ ಅವರಿಗೆ ದೊರೆಯಬೇಕು. ಕೋರಿಕೆಯ ದಾರಿಯನ್ನು ಸ್ವತಃ ಬರೆಯಬಲ್ಲವರು ಮಾತ್ರ ಅದನ್ನು ಉಪಕರಣಕ್ಕೆ ಧೈರ್ಯವಾಗಿ ಒಪ್ಪಿಸಬಹುದು.